ನೀಲಿಗಣ್ಣಿನ ಡ್ರ್ಯಾಗನ್‌ಗೆ ಎಷ್ಟು ಸಾಲು?

ಯು-ಗಿ-ಓ ಎಂಬ ಜಪಾನಿನ ಕಾರ್ಡ್ ಆಟದಲ್ಲಿ 'ಬ್ಲೂ-ಐಸ್ ವೈಟ್ ಡ್ರ್ಯಾಗನ್' ಬಲು ಹೆಸರುವಾಸಿ. ದಾಳಿಯ ಬಲ 3000, ರಕ್ಷಣೆಯ ಬಲ 2500, ಗುರುತಿನ ಸಂಖ್ಯೆ 89631139. ಜರ್ಮನ್ ಕಾರ್ಡಾಗಲಿ ಫ್ರೆಂಚ್ ಕಾರ್ಡಾಗಲಿ, ಇವು ಮೂರೂ ಬದಲಾಗುವುದಿಲ್ಲ. ಹೆಸರು ಬದಲಾಗುತ್ತದೆ, ಅದಕ್ಕೆ ಕಾರಣ ಭಾಷೆ. ಚಿತ್ರದ ಕೆಳಗಿನ ಸೆಟ್ ಸಂಕೇತವೂ ಬದಲಾಗುತ್ತದೆ, ಆದರೆ ಅದಕ್ಕೆ ಭಾಷೆಯೊಂದೇ ಕಾರಣವಲ್ಲ. 2002ರಲ್ಲಿ ಅಮೆರಿಕದಲ್ಲಿ ಹೊರಬಂದ ಮೊದಲ ಸೆಟ್ ಯುರೋಪಿಗೂ ಇಂಗ್ಲಿಷಿನಲ್ಲೇ ಹೋಯಿತು. ಅಲ್ಲಿನ ಸಂಕೇತದಲ್ಲಿ ಮಾತ್ರ 'ಇ' ಎಂಬ ಅಕ್ಷರ ಹೆಚ್ಚಾಗಿ ಸೇರಿತ್ತು.

ಇಂಥ ಕಾರ್ಡುಗಳ ಡೇಟಾಬೇಸ್ ಕಟ್ಟುವವರು ಮೊದಲು ಎಡವುವುದು ಇಲ್ಲೇ. ಭಾಷೆ ಮತ್ತು ಪ್ರದೇಶ ಎರಡನ್ನೂ ಒಂದೇ ಕಾಲಮ್ಮಿಗೆ ತುಂಬಿ, 'ಇಂಗ್ಲಿಷ್' ಎಂದರೆ ಅಮೆರಿಕ, 'ಜಪಾನಿ' ಎಂದರೆ ಜಪಾನ್ ಎಂದು ಲೆಕ್ಕ ಹಾಕಿಬಿಡುತ್ತಾರೆ. ಆದರೆ ಜಪಾನಿನ ನಿಯಮಾವಳಿಗೆ ಸೇರಿದ ಇಂಗ್ಲಿಷ್ ಕಾರ್ಡುಗಳು ಏಷ್ಯಾದ ಮಾರುಕಟ್ಟೆಯಲ್ಲಿವೆ. ಓದಲು ಅಚ್ಚ ಇಂಗ್ಲಿಷ್. ಅಮೆರಿಕ, ಯುರೋಪಿನ ಅಧಿಕೃತ ಪಂದ್ಯಗಳಲ್ಲಿ ನಡೆಯುವುದಿಲ್ಲ. ಉಳಿಸಿದ ಕಾಸಿನಲ್ಲಿ ಕಾರ್ಡ್ ಕೊಳ್ಳುವ ಹುಡುಗನಿಗೆ ಇದು ಸಣ್ಣ ವಿಷಯವಲ್ಲ.

ಈ ಗೊಂದಲಕ್ಕೆ ಮದ್ದು ಹಳೆಯದೇ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಒಂದಕ್ಕೊಂದು ನಂಟಿರುವ ಕೋಷ್ಟಕಗಳಲ್ಲಿ ಇಡುವ ಮಾದರಿಯನ್ನು ಮುಂದಿಟ್ಟರು. ಪ್ರತಿ ಸಂಗತಿಯೂ ತಾನು ಯಾವುದನ್ನು ಅವಲಂಬಿಸಿದೆಯೋ ಅದರ ಕೋಷ್ಟಕದಲ್ಲೇ, ಒಂದೇ ಕಡೆ ಇರಬೇಕು ಎಂಬುದು ಅದರಿಂದ ಬೆಳೆದ ಶಿಸ್ತು. ಡ್ರ್ಯಾಗನ್‌ನ 3000 ಬಲ ಕಾರ್ಡನ್ನು ಮಾತ್ರ ಅವಲಂಬಿಸಿದೆ. ಹೆಸರಿಗೆ ಕಾರ್ಡಿನ ಜೊತೆ ಭಾಷೆಯೂ ಬೇಕು. ಬಿಡುಗಡೆಯ ದಿನಾಂಕಕ್ಕೆ ಸೆಟ್ ಮತ್ತು ಪ್ರದೇಶ ಸಾಕು, ಕಾರ್ಡಿನ ಹಂಗೇ ಇಲ್ಲ. ಅಂದಮೇಲೆ ಕಾರ್ಡ್, ಅನುವಾದ, ಬಿಡುಗಡೆಗಳಿಗೆ ಬೇರೆ ಬೇರೆ ಕೋಷ್ಟಕ. ಇವನ್ನು ಹೆಣೆಯಲು ಮುದ್ರಣಗಳದ್ದು ಇನ್ನೊಂದು.

ಪೋಕೆಮಾನ್ ಕಾರ್ಡುಗಳನ್ನು ನೋಡಿದರೆ ಈ ವಿಂಗಡಣೆ ಏಕೆ ಬೇಕೆಂದು ತಿಳಿಯುತ್ತದೆ. 2023ರ ಜನವರಿಯಲ್ಲಿ ಜಪಾನಿನಲ್ಲಿ 'ಸ್ಕಾರ್ಲೆಟ್ ಇಎಕ್ಸ್', 'ವಯಲೆಟ್ ಇಎಕ್ಸ್' ಎಂಬ ಎರಡು ಸೆಟ್‌ಗಳು ಬಂದವು. ಒಂದೊಂದರ ಮೂಲ ಪಟ್ಟಿಯಲ್ಲಿ 78 ಕಾರ್ಡು. ಮಾರ್ಚ್ ಕೊನೆಗೆ ಇಂಗ್ಲಿಷಿಗೆ ಬರುವಾಗ ಅವು ಬೇರೆ ಕಾರ್ಡುಗಳ ಜೊತೆ ಕಲೆತು 198ರ ಒಂದೇ ಸೆಟ್ ಆದವು. ಕ್ರಮಸಂಖ್ಯೆಗಳೆಲ್ಲ ಅದಲುಬದಲು. ಇದನ್ನು ಅನುವಾದ ಎಂದು ದಾಖಲಿಸಿದರೆ ಜಪಾನಿನ ಸೆಟ್‌ಗಳ ಇತಿಹಾಸವೇ ಅಳಿಸಿಹೋಗುತ್ತದೆ.

ಚಿತ್ರವೂ ಬದಲಾಗುವುದುಂಟು. 'ಕೋಗಾಸ್ ನಿಂಜಾ ಟ್ರಿಕ್' ಎಂಬ ಕಾರ್ಡಿನ ಜಪಾನಿ ಚಿತ್ರದಲ್ಲಿ ಮಂಜಿ ಇತ್ತು, ಅಂದರೆ ಅಲ್ಲಿನ ಬೌದ್ಧ ದೇಗುಲಗಳ ಸ್ವಸ್ತಿಕ. ಪಶ್ಚಿಮದವರಿಗೆ ಅದು ನಾಜಿಗಳನ್ನು ನೆನಪಿಸುತ್ತದೆ. 2000ದ ಇಂಗ್ಲಿಷ್ ಮುದ್ರಣದಲ್ಲಿ ಅದನ್ನು ತೆಗೆದರು. ಹಾಗಾಗಿ ಚಿತ್ರದ ಜಾಗ ಮುದ್ರಣದ ಕೋಷ್ಟಕ.

ಎಲ್ಲಕ್ಕೂ ಇಂಗ್ಲಿಷನ್ನೇ ಮೂಲವೆಂದು ಹಿಡಿಯುವ ಅಭ್ಯಾಸವನ್ನು 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟ ಕಷ್ಟಕ್ಕೆ ಸಿಕ್ಕಿಸುತ್ತದೆ. 1995ರ 'ರಿನೈಸಾನ್ಸ್' ಸೆಟ್ ಫ್ರೆಂಚ್ ಮತ್ತು ಜರ್ಮನ್‌ನಲ್ಲಿ ಬಂತು, ಇಂಗ್ಲಿಷಿನಲ್ಲಿ ಬರಲೇ ಇಲ್ಲ. ಇಂಗ್ಲಿಷ್ ಸಾಲಿಗೆ ಉಳಿದ ಭಾಷೆಗಳನ್ನು ನೇತುಹಾಕುವ ಡೇಟಾಬೇಸ್‌ನಲ್ಲಿ ಅದಕ್ಕೆ ಜಾಗವೇ ಇರದು. 2019ರ 'ವಾರ್ ಆಫ್ ದಿ ಸ್ಪಾರ್ಕ್' ಇನ್ನೊಂದು ಬಗೆ. ಯೋಶಿತಾಕ ಅಮಾನೊ ಬಿಡಿಸಿದ, ಲಿಲಿಯಾನಾ ಎಂಬ ಪಾತ್ರದ ಚಿತ್ರ ಸಿಕ್ಕಿದ್ದು ಜಪಾನಿ ಭಾಷೆಯ ಪೊಟ್ಟಣಗಳಲ್ಲಿ; ಆ ಪೊಟ್ಟಣಗಳನ್ನು ಬೇರೆ ದೇಶಗಳ ಸಂಗ್ರಾಹಕರೂ ತರಿಸಿಕೊಂಡರು. ಇಲ್ಲಿ ಚಿತ್ರವನ್ನು ನಿರ್ಧರಿಸಿದ್ದು ಭಾಷೆಯೇ.

ಮ್ಯಾಜಿಕ್ ಕಾರ್ಡುಗಳ ದೊಡ್ಡ ಡೇಟಾಬೇಸ್ ಸ್ಕ್ರೈಫಾಲ್ ಕಾರ್ಡಿಗೊಂದು, ಪ್ರತಿ ಮುದ್ರಣಕ್ಕೊಂದು ಗುರುತು ಕೊಟ್ಟು, ಭಾಷೆಯನ್ನು ಬೇರೆಯಾಗಿ ನಮೂದಿಸುತ್ತದೆ. ಇನ್ನೂ ಒಂದು ಸೂಕ್ಷ್ಮವನ್ನು ಅದು ಕಾಪಾಡಿದೆ. ಆಟದ ನಿಯಮದಂತೆ ಕಾರ್ಡಿನ ಮೇಲಿನ ಮಾತಿಗಿಂತ 'ಒರಾಕಲ್' ಎಂಬ ಪರಿಷ್ಕೃತ ಇಂಗ್ಲಿಷ್ ಪಠ್ಯವೇ ಅಧಿಕೃತ. ಅದು ಕಾರ್ಡಿನ ಗುರುತಿಗೆ ಅಂಟಿಕೊಂಡಿರುತ್ತದೆ. ಅಚ್ಚಾದ ಪಠ್ಯಕ್ಕೆ ಪ್ರತ್ಯೇಕ ಜಾಗವಿದೆ. ನಿಯಮದ ಮಾತು ಎಷ್ಟು ಸಲ ತಿದ್ದುಪಡಿಯಾದರೂ ಅಂದಿನ ಅನುವಾದಕ ಬರೆದ ವಾಕ್ಯ ಅಲ್ಲಿ ಇದ್ದಂತೆಯೇ ಓದಸಿಗುತ್ತದೆ.