ಕುರಿ ಹಟ್ಟಿಯಲ್ಲಿ ಸೋಲಾರ್ ಫ್ರಿಡ್ಜ್: ಕೊಳ್ಳುವ ಮುಂಚೆ ಈ ಲೆಕ್ಕ ಹಾಕ್ರಿ

ಮಾನ್ವಿ ಕಡೆ ಭತ್ತ ಕೊಯ್ದ ಗದ್ದೆ, ದೇವದುರ್ಗ ಕಡೆ ಹತ್ತಿ ಬಿಡಿಸಿದ ಹೊಲ. ನೆಲ ಖಾಲಿಯಾಯ್ತೆಂದರೆ ಕುರಿ ತರುಬುವ ಕಾಲ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಆದರೆ ಹಟ್ಟಿ ಇಂದು ಇಲ್ಲಿ, ನಾಡಿದ್ದು ಇನ್ನೊಂದು ಊರಲ್ಲಿ. ಕರೆಂಟ್ ಇಲ್ಲದ ಬಯಲಲ್ಲಿ ಲಸಿಕೆ ತಣ್ಣಗಿಡೋದು ಹೇಗೆ?

ಕರುಳುಬೇನೆ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ, ಅಂದರೆ ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟುವ ದಿನಗಳಲ್ಲೇ ಹಾಕಿಸಬೇಕು. ಅದು 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು. ಕೆಟ್ಟಿದ್ದು ಕಣ್ಣಿಗೆ ಕಾಣೋದಿಲ್ಲ. ಚುಚ್ಚಿಸಿದ್ದೇವೆ ಅಂತ ನಾವು ಧೈರ್ಯವಾಗಿರುತ್ತೇವೆ. ಮಳೆ ಬಿದ್ದು ಎಳೆ ಹುಲ್ಲು ಮೇಯ್ದ ಮೇಲೆ ಕುರಿ ರಾತ್ರೋರಾತ್ರಿ ಸಾಯ್ತಾವೆ.

ಯಾವ ಫ್ರಿಡ್ಜ್?

ಆನ್‌ಲೈನ್‌ನಲ್ಲಿ ಕ್ಯಾಂಪಿಂಗ್‌ಗೆಂದು ಮಾರುವ ಪೆಟ್ಟಿಗೆಗಳಲ್ಲಿ ಎರಡು ಜಾತಿ. ಕಂಪ್ರೆಸರ್ ಇಲ್ಲದ ಅಗ್ಗದ ಕಾರ್ ಕೂಲರ್, ಹೊರಗಿನ ಬಿಸಿಗಿಂತ 15–20 ಡಿಗ್ರಿ ಮಾತ್ರ ಇಳಿಸುತ್ತೆ. ಹೊರಗೆ 42 ಇದ್ದರೆ ಒಳಗೆ 22ರ ಮೇಲೆಯೇ. ಲಸಿಕೆಗೆ ಅದು ಬೇಡವೇ ಬೇಡ. 12 ವೋಲ್ಟ್ ಬ್ಯಾಟರಿಯಲ್ಲಿ ನೇರವಾಗಿ ಓಡುವ ಕಂಪ್ರೆಸರ್ ಫ್ರಿಡ್ಜೇ ಬೇಕು. ನೇರ ಓಡುವುದರಿಂದ ಇನ್ವರ್ಟರ್ ತಿನ್ನುವ ಕರೆಂಟೂ ಉಳಿಯುತ್ತೆ.

ಲೆಕ್ಕ ಹೀಗೆ

40 ಲೀಟರ್ ಆಸುಪಾಸಿನ ಫ್ರಿಡ್ಜ್ ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತೆ ಅನ್ನಿ. ನಮ್ಮ ಬಿಸಿಲಲ್ಲಿ ಅರ್ಧ ಹೊತ್ತು ಓಡಿದರೂ ದಿನಕ್ಕೆ 600 ವ್ಯಾಟ್-ಅವರ್ ಬೇಕು.

ಪ್ಯಾನೆಲ್ 200 ವ್ಯಾಟ್ ಇರಲಿ. ದಿನಕ್ಕೆ 5 ತಾಸು ಪೂರ್ಣ ಬಿಸಿಲು ಹಿಡಿದರೆ 1,000. ಧೂಳು, ಬಿಸಿಗೆ ಕಾಲು ಭಾಗ ಕಳೆದರೆ 750. ಹೌದ್ರಿ, ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಕಾದಷ್ಟೂ ಉತ್ಪಾದನೆ ಇಳಿಯುತ್ತೆ.

ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ ಬ್ಯಾಟರಿಯೇ ಗತಿ. 15 ತಾಸಿಗೆ 375 ವ್ಯಾಟ್-ಅವರ್. 12.8 ವೋಲ್ಟ್, 50 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 640 ಇರುತ್ತೆ. ಶೇ 80 ಬಳಸಿದರೂ 510 ಸಿಗುತ್ತೆ. ಮೋಡದ ದಿನಗಳೂ ದಾಟಬೇಕೆಂದರೆ 100 ಎಎಚ್ ತಗೊಳ್ಳಿ. ಹಳೇ ಲೆಡ್ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹೋಗುತ್ತೆ, ಭಾರವೂ ಜಾಸ್ತಿ.

ಹಟ್ಟಿಯಲ್ಲಿ ಇಡೋದು ಹೇಗೆ?

- ಫ್ರಿಡ್ಜ್, ಬ್ಯಾಟರಿ ನೆರಳಲ್ಲಿ. ಪ್ಯಾನೆಲ್ ಬಿಸಿಲಲ್ಲಿ, ದಕ್ಷಿಣಕ್ಕೆ ಸ್ವಲ್ಪ ಓರೆಯಾಗಿ.
- ವೈರ್ ದಪ್ಪ ಇರಲಿ. ತೆಳು ವೈರ್‌ನಲ್ಲಿ 12 ವೋಲ್ಟ್ ದಾರಿಯಲ್ಲೇ ಸೋರುತ್ತೆ. ಚಾರ್ಜ್ ಕಂಟ್ರೋಲರ್, ಫ್ಯೂಸ್ ಬಿಡಬೇಡಿ.
- ಸೆಟ್ಟಿಂಗ್ 5 ಡಿಗ್ರಿ. ಒಳಗೊಂದು ಡಿಜಿಟಲ್ ಥರ್ಮಾಮೀಟರ್ ಇಟ್ಟು ದಿನಕ್ಕೆರಡು ಸಲ ನೋಡಿ.
- ಬಾಟಲಿ ಗೋಡೆಗೆ ತಾಗದಿರಲಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟರೆ ತಂಪು ನಿಲ್ಲುತ್ತೆ.
- ಕುಡಿಯೋ ನೀರಿಗೆಂದು ಪದೇ ಪದೇ ಬಾಗಿಲು ತೆಗೆಯಬೇಡಿ.

ರಾಯಚೂರಿನಿಂದ ಲಸಿಕೆ ತರುವಾಗಲೂ ಐಸ್ ಪ್ಯಾಕ್ ಇರುವ ಡಬ್ಬಿ ಬೇಕು. ದಾರಿಯಲ್ಲಿ ಕೆಟ್ಟಿದ್ದನ್ನು ಯಾವ ಫ್ರಿಡ್ಜೂ ಸರಿ ಮಾಡೋದಿಲ್ಲ. ಪಿಪಿಆರ್ ಲಸಿಕೆಯಂತೂ ಪುಡಿಗೆ ದ್ರಾವಣ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಯಬೇಕು, ಅಲ್ಲಿವರೆಗೂ ಐಸ್ ಮೇಲೆಯೇ ಇರಬೇಕು.

ಎಲ್ಲರಿಗೂ ಬೇಕಾ?

ಬೇಡ. ಒಂದೇ ಹಿಂಡು, ಒಂದೇ ದಿನದ ಲಸಿಕೆ ಅಂದರೆ ಐಸ್ ಡಬ್ಬಿಯೇ ಸಾಕು. ಪಶು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡು ಡಾಕ್ಟರನ್ನೇ ಹಟ್ಟಿಗೆ ಕರೆಸಿ. ಕುರಿ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ. ನಾಲ್ಕೈದು ಹಿಂಡು ಒಟ್ಟಿಗೆ ತಿಂಗಳುಗಟ್ಟಲೆ ಸುತ್ತುತ್ತಿದ್ದರೆ ಮಾತ್ರ ಎಲ್ಲರೂ ಕೂಡಿ ಒಂದು ಸೆಟ್ ಕೊಳ್ಳಿ. ಖರ್ಚು ಹಂಚಿಹೋಗುತ್ತೆ. ಲಸಿಕೆ ಇಲ್ಲದ ದಿನ ಅದೇ ಬ್ಯಾಟರಿಯಲ್ಲಿ ಹಟ್ಟಿಗೆ ದೀಪ, ಮೊಬೈಲ್‌ಗೆ ಚಾರ್ಜ್. ಅಂಗಡಿಗೆ ಹೋದಾಗ ಮೊದಲು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಕಂಪ್ರೆಸರ್ ಐತೇನ್ರಿ?"