ಲಾರ್‍ಯಾಗ ಇನ್ವರ್ಟರ್ ಯಾಕ ಕೂಗತೈತಿ?

ಲ್ಯಾಪ್‌ಟಾಪ್ ಹಚ್ಚಿದ ಕೂಡ್ಲೆ
ಇನ್ವರ್ಟರ್ ಪೀಂ ಪೀಂ ಅಂತೈತೇನ್ರಿ?
ಮೊದಲ ಬ್ಯಾಟರಿ ನೋಡ್ರಿ.

ನಮ್ಮ ಮೆಳವಂಕಿ, ಗೋಕಾಕ ಕಡೆ
ಕಬ್ಬಿನ ಹಂಗಾಮಿನ್ಯಾಗ
ಲಾರಿ ಕಾರ್ಖಾನೆ ಮುಂದ ಪಾಳಿ ಹಚ್ಚಿ ನಿಂತಿರತಾವ.
ಎಂಜಿನ್ ಬಂದ್.
ಬ್ಯಾಟರಿ ಇಳಕೋತ ಹೋಗತೈತಿ.
ಇನ್ವರ್ಟರ್ ಮೊದಲ ಕೂಗತೈತಿ,
ಆಮ್ಯಾಲ ತಾನ ಬಂದ್ ಆಗತೈತಿ.
ಬ್ಯಾಟರಿ ಪೂರಾ ಖಾಲಿ ಆಗಬಾರದು ಅಂತ.

ಎಂಜಿನ್ ಚಾಲೂ ಇದ್ರೂ ಕೂಗತೈತಿ?
ಹಂಗಾರ ವೈರ್ ನೋಡ್ರಿ.
ದೂರದ ಹೊಲಕ್ಕ ಸಣ್ಣ ಪೈಪ್ ಎಳದ್ರ
ತುದಿಗೆ ನೀರು ಜೋರಾಗಿ ಬರತೈತೇನು?
ತೆಳ್ಳನ ವೈರಿನ್ಯಾಗ ವೋಲ್ಟೇಜೂ ಹಂಗ ಬೀಳತೈತಿ.
ದಪ್ಪ ವೈರ್ ಹಾಕ್ರಿ, ಗಿಡ್ಡ ಇರಲಿ.
ಬ್ಯಾಟರಿಯಿಂದ ನೇರ ಎಳಸ್ರಿ.
ಬ್ಯಾಟರಿ ಹತ್ರಾನ ಒಂದು ಫ್ಯೂಸ್ ಬೇಕ ಬೇಕು.
ಟರ್ಮಿನಲ್ ಮ್ಯಾಲ ಬಿಳೀ ಪುಡಿ ಕುಂತಿದ್ರ
ಮೆಕ್ಯಾನಿಕ್ ಕಡೆ ಸ್ವಚ್ಛ ಮಾಡಸ್ರಿ.

ಇದನ್ನ ಮಾತ್ರ ಮರೀಬ್ಯಾಡ್ರಿ.
ದೊಡ್ಡ ಲಾರಿ ಅಂದ್ರ 24 ವೋಲ್ಟ್.
ಸಣ್ಣ ಪಿಕಪ್ ಅಂದ್ರ 12.
12ರ ಇನ್ವರ್ಟರ್ 24ಕ್ಕ ಹಚ್ಚಿದ್ರ
ಸುಟ್ಟ ಹೋಗಬಹುದು!
ಕೊಳ್ಳೂ ಮೊದಲ ಡಬ್ಬಿ ಮ್ಯಾಲ ಓದ್ರಿ.

65 ವ್ಯಾಟಿನ ಚಾರ್ಜರಿಗೆ
150 ವ್ಯಾಟಿನ ಇನ್ವರ್ಟರ್ ಸಾಕು.
ಅದರ ಮ್ಯಾಲ ಹಾಸಿಗಿ, ಬಟ್ಟೆ ಹಾಕಬ್ಯಾಡ್ರಿ.
ಬಾಳ ಕಾದ್ರೂ ಬಂದ್ ಆಗತೈತಿ.