ಟ್ರೇಲರ್‌ನಲ್ಲಿದ್ದ ಹಲ್ಕ್ ಎಲ್ಲಿ ಹೋದ?

ಡೆಮೊದಲ್ಲಿ ತೋರಿಸಿದ ಫೀಚರ್ ರಿಲೀಸ್‌ನಲ್ಲಿ ಇಲ್ಲದಿದ್ರೆ ಕ್ಲೈಂಟ್ ನಮ್ಮನ್ನ ಸುಮ್ನೆ ಬಿಡ್ತಾರಾ? ಮಾರ್ವೆಲ್‌ನವರು ಅದನ್ನೇ ಮಾಡಿ ಚಪ್ಪಾಳೆ ಗಿಟ್ಟಿಸಿದ್ರು!

2017ರ ನವೆಂಬರ್‌ನಲ್ಲಿ ಬಂದ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಟ್ರೇಲರ್ ನೆನಪಿಸಿಕೊಳ್ಳಿ. ವಕಾಂಡಾದ ಬಯಲಲ್ಲಿ ಎಲ್ಲರ ಜೊತೆ ಹಲ್ಕ್ ಓಡಿ ಬರ್ತಾನೆ. 2018ರ ಏಪ್ರಿಲ್‌ನಲ್ಲಿ ಸಿನಿಮಾ ಬಂದಾಗ ಆ ದೃಶ್ಯವೇ ಇಲ್ಲ. ಅಲ್ಲಿ ಬ್ರೂಸ್ ಬ್ಯಾನರ್ ಹಲ್ಕ್‌ಬಸ್ಟರ್ ಕವಚ ತೊಟ್ಟು ಹೋರಾಡ್ತಾನೆ. ಹಲ್ಕ್ ಹೊರಗೆ ಬರೋಕೇ ಒಪ್ಪಲ್ಲ ಅನ್ನೋ ಗುಟ್ಟು ಥಿಯೇಟರ್‌ವರೆಗೂ ಉಳಿಯಿತು. ಥಾನೋಸ್‌ನ ಕೈಗವಸಿನಲ್ಲೂ ಎರಡೇ ಕಲ್ಲು ತೋರಿಸಿದ್ರು.

2019ರ ‘ಎಂಡ್‌ಗೇಮ್’ನಲ್ಲಿ ಈ ಕೆಲಸ ಪೋಸ್ಟರ್‌ಗಳದ್ದು. ಬದುಕಿದವರು ಬಣ್ಣದಲ್ಲಿ, ಹೋದವರು ಕಪ್ಪು-ಬಿಳುಪಿನಲ್ಲಿ. ಶೂರಿಯೂ ಇಲ್ಲ ಅನ್ನೋದು ಅಲ್ಲೇ ಖಚಿತವಾಯ್ತು. ಹಳೇ ಪ್ರಶ್ನೆಗೆ ಉತ್ತರ ಸಿಕ್ತು, ಜೊತೆಗೇ ಹೊಸದು ಹುಟ್ಟಿತು: ಇವರೆಲ್ಲ ವಾಪಸ್ ಬರ್ತಾರಾ?

ನಿರೀಕ್ಷೆ ಬೆಳೆಯೋದು ಹೀಗೆ. ಸ್ವಲ್ಪ ತೋರಿಸ್ಬೇಕು, ಮುಖ್ಯವಾದದ್ದನ್ನ ಬಚ್ಚಿಡ್ಬೇಕು, ಮಧ್ಯದ ಜಾಗವನ್ನ ನಾವೇ ತುಂಬಿಕೊಳ್ಳೋಕೆ ಬಿಡ್ಬೇಕು. ಆದ್ರೆ ಒಂದು ಷರತ್ತಿದೆ. ಬಚ್ಚಿಟ್ಟಿದ್ದು ತೋರಿಸಿದ್ದಕ್ಕಿಂತ ಚೆನ್ನಾಗಿರ್ಬೇಕು. ಇಲ್ಲದಿದ್ರೆ ಅದು ಗುಟ್ಟಲ್ಲ, ಮೋಸ. ಮುಂದಿನ ಟ್ರೇಲರ್ ಬಂದಾಗ ನಂಬೋಕೆ ಯಾರೂ ಇರಲ್ಲ.